ಅತ್ತೆ ಸಾಕಿದ ಇಂಗ್ಲಿಷ್ ಪದ

ನಮ್ಮತ್ತೆ ಒಂದು ಇಂಗ್ಲಿಷ್ ಪದವನ್ನು ಸಾಕಿಕೊಂಡಿದ್ದಾರೆ. ಬೇರೆಯವರು ನಾಯಿ ಸಾಕಿಕೊಳ್ಳುತ್ತಾರಲ್ಲ, ಹಾಗೆ! ತುಮಕೂರಿನ ಅವರ ಮನೆಯ ಗೇಟು ತೆಗೆದವರು ಯಾರೇ ಆಗಲಿ, ಅದು ಒಳಗಿಂದ ಹಾರಿ ಬಂದು ಒಂದು ಸಲ ಮೂಸಿ ನೋಡದೆ ಬಿಡುವುದಿಲ್ಲ. ಹಾಲಿನವನನ್ನು ಕಚ್ಚಿದೆ, ಕೇಬಲ್ಲಿನವನನ್ನು ಕಚ್ಚಿದೆ, ಓಟು ಕೇಳಲು ಬಂದ ಅಭ್ಯರ್ಥಿಗಳನ್ನು ಪಕ್ಷಭೇದವಿಲ್ಲದೆ ಕಚ್ಚಿದೆ. ಆ ಪದದ ಹೆಸರು ಸೂಪರ್‌ಫಿಶಿಯಲ್.

ಅತ್ತೆ ಅಂದರೆ ಗಂಡನ ತಾಯಿ ಅಂದುಕೊಂಡು ಖುಷಿಯಿಂದ ಓದಲು ಕೂತವರು ದಯವಿಟ್ಟು ಕ್ಷಮಿಸಬೇಕು. ಇವರು ನಮ್ಮಪ್ಪನ ಅಕ್ಕ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. "ಯಾಕತ್ತೆ?" ಅಂತ ಒಮ್ಮೆ ಧೈರ್ಯ ಮಾಡಿ ಕೇಳಿದೆ. "ನೋಡೋಕೆ ಬಂದೋರೆಲ್ಲ ಸೂಪರ್‌ಫಿಶಿಯಲ್ಲು ಕಣೇ," ಅಂದರು, ಹುಣಸೆಹಣ್ಣಿನಿಂದ ಬೀಜ ತೆಗೆಯುತ್ತ. ಹೈಸ್ಕೂಲಿನಿಂದ ಎಂ.ಎ. ಮುಗಿಯುವ ತನಕ ನಾನು ಇದ್ದದ್ದು ಅವರ ಮನೆಯಲ್ಲಿ. ಅಷ್ಟು ವರ್ಷಗಳಲ್ಲಿ ಆ ಪದವನ್ನು ನನ್ನ ಮೇಲೆ ಅವರು ಒಂದು ಸಲವೂ ಬಿಟ್ಟಿಲ್ಲ. ಎಂ.ಎ.ಗಿಂತ ಇದೇ ದೊಡ್ಡ ಡಿಗ್ರಿ ಅಂತ ನಾನು ಎದೆಯುಬ್ಬಿಸಿ ತಿರುಗುತ್ತಿದ್ದೆ. ಹೋದ ತಿಂಗಳವರೆಗೆ.

ಹೋದ ತಿಂಗಳು ಈ ಅತ್ತೆಯನ್ನು ನಾವು ಕಳೆದುಕೊಳ್ಳುವುದರಲ್ಲಿದ್ದೆವು. ನನ್ನ ಕಣ್ಣೆದುರಿಗೇ. ಕಣ್ಣೆದುರಿಗೆ ಅನ್ನುವುದೂ ಪೂರ್ತಿ ನಿಜವಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಇವತ್ತಿಗೂ ಪಕ್ಕದ ಮನೆಯಲ್ಲಿ ಯಾರಾದರೂ ಆಲೂಗಡ್ಡೆ ಚೀಲ ಸುರಿದರೆ ಸಾಕು, ನಾನು ದಡಕ್ಕನೆ ಎದ್ದು ನಿಲ್ಲುತ್ತೇನೆ. ಆದರೆ ಅಲ್ಲಿಗೆ ಹೋಗುವ ಮೊದಲು ನಿಮಗೆ ಆ ಪದದ ಕುಲಗೋತ್ರ ಗೊತ್ತಾಗಬೇಕು. ಅದನ್ನು ಹೇಳದೆ ಅತ್ತೆ ಯಾರಿಗೂ ಕಾಫಿ ಕೂಡ ಕೊಡುವುದಿಲ್ಲ!

ಒಂದು ದಿನ ಗ್ಯಾಸ್ ಸಿಲಿಂಡರ್ ತಂದವನು ಹೊಸ್ತಿಲ ಬಳಿ ನಿಂತು, ಹೊಸದಾಗಿ ಸುಣ್ಣಬಣ್ಣ ಕಂಡಿದ್ದ ಗೋಡೆ ನೋಡಿ, "ಮನೆ ಸೂಪರ್ ಆಗಿದೆ ಮೇಡಂ" ಅಂದುಬಿಟ್ಟ. ಪಾಪ, ಸಿಲಿಂಡರ್ ಇನ್ನೂ ಅವನ ಭುಜದ ಮೇಲೇ ಇತ್ತು.

"ಸೂಪರ್ ಅಂದ್ರೇನಪ್ಪಾ?" ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಚೆನ್ನಾಗೈತೆ ಅಂತ ಮೇಡಂ."

"ಅಲ್ಲ. ಲ್ಯಾಟಿನ್ನಲ್ಲಿ ಸೂಪರ್ ಅಂದ್ರೆ ಮೇಲೆ. ಫೇಸಿಯೆಸ್ ಅಂದ್ರೆ ಮುಖ, ಆಕಾರ. ಎರಡೂ ಸೇರಿದ್ರೆ ಸೂಪರ್‌ಫಿಸಿಯೆಸ್. ಒಂದು ವಸ್ತುವಿನ ಮೇಲ್ಮೈ. ಅದ್ರಿಂದ ಹುಟ್ಟಿದ್ದು ಸೂಪರ್‌ಫಿಶಿಯಲ್. ಮೊದಮೊದಲು ಅದು ಬೈಗುಳ ಅಲ್ಲ ಕಣಪ್ಪ. ಅಳತೆ ಮಾಡೋರು, ಗಾಯ ಕಟ್ಟೋರು ಬಳಸ್ತಿದ್ದ ಮರ್ಯಾದಸ್ಥ ಪದ. ಬರ್ತಾ ಬರ್ತಾ ಜನ ಅದನ್ನ ಮನುಷ್ಯರಿಗೆ ಅಂಟಿಸಿದ್ರು. ಮೇಲ್ಗಡೆ ಮಾತ್ರ ಇದ್ದು ಒಳಗೇನೂ ಇಲ್ಲದೋರಿಗೆ. ತಿಳೀತಾ?"

"ಒಳಗೆ ತುಂಬೈತೆ ಮೇಡಂ," ಅಂದ ಅವನು, ಭುಜದ ಸಿಲಿಂಡರನ್ನೇ ಕಣ್ಣಲ್ಲಿ ತೋರಿಸಿ. "ಇಳಿಸ್ಲಾ?"

ಇಳಿಸಲು ಬಿಟ್ಟರು. ಆದರೆ ಅವನು ರಸೀದಿ ಹರಿಯುವಷ್ಟರಲ್ಲಿ ಎರಡನೇ ಪಾಠ ಆಗಿಹೋಯಿತು. ಅತ್ತೆಗೆ ಅತ್ಯಂತ ಹೆಮ್ಮೆಯ ಪಾಠ ಅದು. ಲ್ಯಾಟಿನ್ನಿನವರು 'ಮೇಲಿನ ಮುಖ' ಅಂದರು, ಕನ್ನಡದವರು 'ಮೇಲಿನ ಮೈ' ಅಂದರು. "ಅವರು ಮುಖ ನೋಡಿ ನಿಲ್ಲಿಸಿದ್ರು. ನಾವು ಮೈಯೆಲ್ಲ ನೋಡಿದ್ವಿ. ಯಾರು ಹೆಚ್ಚು ಹೇಳು?" ಸಿಲಿಂಡರಿನವನು ಕನ್ನಡದವರೇ ಹೆಚ್ಚು ಅಂತ ಒಪ್ಪಿಕೊಂಡು ಓಡಿದ. ಕನ್ನಡಾಭಿಮಾನ ಬೆಳೆಯುವುದು ಹೀಗೆಯೇ ಅಲ್ಲವೇ?

ಅತ್ತೆಯ ಹಳೆಯ ವಿದ್ಯಾರ್ಥಿನಿ ಶಬಾನಾ ಬ್ಯೂಟಿ ಪಾರ್ಲರ್ ತೆರೆದಳು. ರಿಬ್ಬನ್ ಕತ್ತರಿಸಲು ಟೀಚರೇ ಬರಬೇಕು ಅಂತ ಹಟ. "ಬೇಡ ಕಣೇ ಶಬಾನಾ, ಇವರ ಕೈಗೆ ಕತ್ತರಿ ಕೊಡು, ಮೈಕ್ ಕೊಡಬೇಡ" ಅಂತ ನಾನು ಎಚ್ಚರಿಸಿದ್ದೆ. ಕೇಳಲಿಲ್ಲ. ಅತ್ತೆ ಮೈಕ್ ಹಿಡಿದು, ಫೇಶಿಯಲ್ಲೂ ಸೂಪರ್‌ಫಿಶಿಯಲ್ಲೂ ಒಂದೇ ತಾಯಿಯ ಮಕ್ಕಳು, ಎರಡರ ಬೇರೂ ಆ ಲ್ಯಾಟಿನ್ ಮುಖವೇ, ಮುಖ ತೊಳೆದ ಮಾತ್ರಕ್ಕೆ ಮನುಷ್ಯ ಚೊಕ್ಕಟ ಆಗುವುದಿಲ್ಲ ಎಂದು ಇಪ್ಪತ್ತು ನಿಮಿಷ ಹೇಳಿದರು. ಮೊದಲ ದಿನದ ಗಿರಾಕಿಗಳಲ್ಲಿ ಅರ್ಧ ಜನ ಮೆಲ್ಲಗೆ ಮೆಟ್ಟಿಲಿಳಿದರು. ಶಬಾನಾ ಮಾತ್ರ ಕಣ್ಣೊರೆಸಿಕೊಂಡು, "ನಮ್ ಟೀಚರ್ ಎಷ್ಟು ಚೆನ್ನಾಗಿ ಹೇಳಿದ್ರು!" ಅಂದಳು. ಮಾರನೇ ವಾರ ಅವಳ ಅಂಗಡಿಯ ಬೋರ್ಡಿನಲ್ಲಿ ಒಂದು ಹೊಸ ಸಾಲು ಸೇರಿತ್ತು: 'ನಮ್ಮಲ್ಲಿ ಸೂಪರ್ ಫೇಶಿಯಲ್ ಮಾಡಲಾಗುವುದು.' ಅತ್ತೆ ಮೂರು ದಿನ ಆ ರಸ್ತೆಯಲ್ಲಿ ಓಡಾಡಲಿಲ್ಲ.

ಇನ್ನು ಅತ್ತೆಯ ಬೀದಿಯಲ್ಲಿ 'ಚೆನ್ನಾಗಿದೀರಾ' ಅನ್ನುವ ಮಾತೇ ನಿಂತುಹೋಗಿದೆ. ಯಾಕೆ ಅಂತೀರಾ? ಕೇಳಿದವರನ್ನು ಅತ್ತೆ ನಿಲ್ಲಿಸಿ, "ನಿಜವಾಗ್ಲೂ ತಿಳ್ಕೋಬೇಕು ಅಂತ ಕೇಳಿದ್ರೋ, ಬಾಯಿಗೆ ಬಂತು ಅಂತ ಕೇಳಿದ್ರೋ?" ಎಂದು ವಿಚಾರಣೆ ಶುರು ಮಾಡುತ್ತಾರೆ. ಹಾಗೆಯೇ 'ಚೆನ್ನಾಗಿದೀನಿ' ಎಂದು ಉತ್ತರಿಸಿದವರೂ ಪಾರಾಗುವಂತಿಲ್ಲ. ಈಗ ಎದುರುಮನೆಯ ನಿವೃತ್ತ ಕಂಡಕ್ಟರು ಅತ್ತೆಯನ್ನು ಕಂಡ ಕೂಡಲೇ ದೂರದಿಂದಲೇ, "ಬಿಪಿ ನೂರಾ ಐವತ್ತು, ಸಕ್ಕರೆ ಜಾಸ್ತಿ, ಸೊಸೆ ಜೊತೆ ಮಾತಿಲ್ಲ" ಎಂದು ವರದಿ ಒಪ್ಪಿಸಿ ನಡೆಯುತ್ತಾರೆ. ತಮಾಷೆ ಅಂದರೆ, ಆ ಬೀದಿಯಲ್ಲಿ ಒಬ್ಬರ ಕಷ್ಟ ಒಬ್ಬರಿಗೆ ಗೊತ್ತಿರುವಷ್ಟು ಇಡೀ ತುಮಕೂರಿನಲ್ಲಿ ಎಲ್ಲೂ ಗೊತ್ತಿಲ್ಲ.

ನನ್ನ ಮದುವೆಯ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಕುಣಿಗಲ್‌ನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಹುಡುಗ, ತಾಯಿಯನ್ನು ಕರೆದುಕೊಂಡು ನನ್ನನ್ನು ನೋಡಲು ಬಂದ. ಅತ್ತೆ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟು ಎದುರಿಗೆ ಕೂತರು.

"ಕೋಪ ಬಂದ್ರೆ ಏನು ಮಾಡ್ತೀರಾ?"

"ನಂಗೆ ಕೋಪಾನೇ ಬರಲ್ಲ ಮೇಡಂ," ಅಂದ ಹುಡುಗ, ನಗುತ್ತ.

ಅತ್ತೆ ನನ್ನ ಕಡೆ ನೋಡಿದ ನೋಟದಲ್ಲೇ ಆ ಪದ ಸರಪಳಿ ಜಗ್ಗುತ್ತಿತ್ತು. ಆಮೇಲೆ ನಡೆದದ್ದು ಯುದ್ಧ. ಹುಡುಗ ಚಮಚ ಎತ್ತಿ ಬಾಯಿಯ ಹತ್ತಿರ ತಂದಾಗಲೆಲ್ಲ ಅತ್ತೆ ಒಂದು ಪ್ರಶ್ನೆ ಹಾಕುವರು. ಅವನು ಚಮಚ ಇಳಿಸಿ ಉತ್ತರ ಹೇಳುವನು. ಯಾವ ಪುಸ್ತಕ ಓದಿದೀರಾ, ಕೊನೆಯ ಸಲ ಯಾವಾಗ ಅತ್ತಿರಿ, ಗೆಳೆಯನ ಜೊತೆ ಯಾಕೆ ಮಾತು ಬಿಟ್ಟಿರಿ. ಎಂಟನೇ ಸಲ ಅವನು ತಟ್ಟೆಯನ್ನು ಟೇಬಲ್ ಮೇಲೆ ಕುಕ್ಕಿದ.

"ತಿನ್ನೋಕಾದ್ರೂ ಬಿಡಿ ಮೇಡಂ! ಏಳು ಗಂಟೆಗೆ ಕುಣಿಗಲ್ ಬಿಟ್ಟಿದೀವಿ, ಹೊಟ್ಟೇಲಿ ಒಂದು ಲೋಟ ನೀರಿಲ್ಲ!"

ಅವರಮ್ಮನ ಮುಖ ಬಿಳಿಚಿಕೊಂಡಿತು. ಅತ್ತೆಯ ಮುಖ ಅರಳಿತು. "ಅಬ್ಬ! ಒಳಗೆ ಯಾರೋ ಇದಾರೆ ಕಣೇ. ಈ ಹುಡುಗ ಆಗ್ಬೋದು!" ಅಂದರು. ಆದ. ಅವನೇ ಈಗ ನನ್ನ ಗಂಡ. ಕೋಪ ಚೆನ್ನಾಗಿಯೇ ಬರುತ್ತದೆ, ಅತ್ತೆಯ ಆಶೀರ್ವಾದ.

ಆದರೆ ಆ ಪದ ಜೀವನದಲ್ಲಿ ಅತಿ ಹೆಚ್ಚು ಸಲ ಕಚ್ಚಿದ್ದು ನಮ್ಮಪ್ಪನನ್ನು. ಅಪ್ಪ ಗುಬ್ಬಿ ತಾಲ್ಲೂಕಿನ ಚೇಳೂರಿನ ಹತ್ತಿರ ನಮ್ಮ ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಅವರ ಸ್ವಭಾವ ಏನೆಂದರೆ, ಒಡೆದದ್ದನ್ನು ರಿಪೇರಿ ಮಾಡುವುದಿಲ್ಲ, ಬಣ್ಣ ಹೊಡೆಯುತ್ತಾರೆ. ತುಕ್ಕು ಹಿಡಿದ ಗೇಟಿಗೆ ಬಣ್ಣ, ಸೋರುವ ಡ್ರಮ್ಮಿಗೆ ಬಣ್ಣ. ಒಮ್ಮೆ ಹಳೆಯ ಮೊಪೆಡ್ ಸ್ಟಾರ್ಟ್ ಆಗಲಿಲ್ಲ ಅಂತ ಅದಕ್ಕೂ ಬಣ್ಣ ಹೊಡೆದರು! "ನನ್ನ ಸ್ವಂತ ತಮ್ಮ, ಸೂಪರ್‌ಫಿಶಿಯಲ್ಲಿಗೆ ಡಿಕ್ಷನರೀಲಿ ಇವನ ಫೋಟೋ ಹಾಕ್ಬೇಕು," ಅನ್ನುವರು ಅತ್ತೆ. "ಹಾಕ್ಸಕ್ಕ, ಬಣ್ಣದ ಫೋಟೋನೇ ಹಾಕ್ಸು," ಅನ್ನುವರು ಅಪ್ಪ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಕಾಯಿಯನ್ನು ಒಡೆದು ಬಿಸಿಲಿಗೆ ಹಾಕಿ ಅಲ್ಲ. ಸಿಪ್ಪೆಯ ಸಮೇತ ಕಾಯಿಯನ್ನು ಅಟ್ಟಕ್ಕೆ ಏರಿಸಿ, ಹನ್ನೊಂದು ತಿಂಗಳೋ ಒಂದು ವರ್ಷವೋ ಅದರ ಪಾಡಿಗೆ ಬಿಡಬೇಕು. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪಿನಿಂದ ಕಳಚಿಕೊಂಡು ಉಂಡೆಯಾಗಬೇಕು. ಅಲ್ಲಿಯವರೆಗೆ ಅದನ್ನು ಕೆಳಗಿಳಿಸಿ ಹತ್ತಿಸಿ ಮಾಡುವಂತಿಲ್ಲ. ಅಪ್ಪನಂತೂ ಆ ಅಟ್ಟವಿರುವ ಕೊಬ್ಬರಿ ಮನೆಯೊಳಗೆ ತೊಟ್ಟಿಲಲ್ಲಿ ಮಗು ಮಲಗಿದೆ ಅನ್ನುವ ಹಾಗೆ ಪಿಸುಮಾತಿನಲ್ಲಿ ಮಾತಾಡುತ್ತಾರೆ. ಅಟ್ಟದಲ್ಲಿ ಎರಡು ಪಾಲು. ಒಂದು ಪಾಲಿನ ಕಾಯಿ ಮಾಗಿ ಇಳಿಯುವ ಹೊತ್ತಿಗೆ ಇನ್ನೊಂದು ಪಾಲು ಅರ್ಧ ವರ್ಷದ್ದು. ಅದು ಇಳಿಯುವ ಹೊತ್ತಿಗೆ ಮೊದಲ ಪಾಲು ಮತ್ತೆ ತುಂಬಿರುತ್ತದೆ. ಹೀಗಾಗಿ ನಾನು ಹುಟ್ಟಿದ ಮೇಲೆ ಆ ಅಟ್ಟ ಒಂದು ದಿನವೂ ಪೂರ್ತಿ ಖಾಲಿಯಾಗಿಲ್ಲ.

ಎರಡು ವರ್ಷದ ಹಿಂದೆಯೇ ಅತ್ತೆ ಹೇಳಿದ್ದರು. "ಲೋ, ಅಟ್ಟದ ಕಂಬಕ್ಕೆ ಗೆದ್ದಲು ಹತ್ತಿದೆ. ಬದಲಾಯಿಸೋ."

"ಕಾಯಿ ಇಳಿಸ್ದೆ ಕಂಬ ಹೆಂಗಕ್ಕ ಬದ್ಲಾಯ್ಸದು? ಅಟ್ಟ ಖಾಲಿ ಆಗ್ಲಿ ಬುಡು, ಮಾಡ್ತೀನಿ."

ಅಟ್ಟ ಖಾಲಿಯಾಗುವುದು ಯಾವಾಗ? ನೀವೇ ಲೆಕ್ಕ ಹಾಕಿ! ಅಷ್ಟರೊಳಗೆ ಅಪ್ಪ ತಮಗೆ ತಿಳಿದ ಚಿಕಿತ್ಸೆ ಮಾಡಿದ್ದರು. ಕಂಬಗಳಿಗೆ ಗಿಳಿಹಸಿರು ಆಯಿಲ್ ಪೇಂಟ್.

ಹೋದ ತಿಂಗಳ ಒಂದು ಭಾನುವಾರ ನಾನು ಕುಣಿಗಲ್‌ನಿಂದ ತುಮಕೂರಿಗೆ ಬಂದು, ಅತ್ತೆಯನ್ನು ಕರೆದುಕೊಂಡು, ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ತೋಟಕ್ಕೆ ಹೋದೆ. ಅತ್ತೆ ಚಪ್ಪಲಿ ಬಿಟ್ಟವರೇ ಸೀದಾ ಕೊಬ್ಬರಿ ಮನೆಗೆ ನುಗ್ಗಿದರು. ಹಸಿರು ಕಂಬ ಕಂಡರು. ಇನ್ನು ಕೇಳಬೇಕೆ? ಅಕ್ಕ ತಮ್ಮನ ಈ ಪಂದ್ಯ ನನ್ನ ಗಂಡನಿಗೆ ಬಹಳ ಇಷ್ಟ. ಅವನಿಗೆ ಕಳಿಸೋಣ ಅಂತ ಬಾಗಿಲ ಹೊರಗೆ ನಿಂತು ಫೋನ್ ತೆಗೆದು ವಿಡಿಯೋ ಶುರು ಮಾಡಿದೆ.

ಆ ವಿಡಿಯೋ ನನ್ನ ಹತ್ತಿರ ಈಗಲೂ ಇದೆ. ಎಷ್ಟು ಸಲ ನೋಡಿದ್ದೇನೋ! ಪಾತ್ರೆ ತೊಳೆಯುವಾಗ ಫೋನ್ ಇಲ್ಲದೆಯೂ ನೋಡುತ್ತೇನೆ. ಶುರುವಿನಲ್ಲಿ ನನ್ನ ನಗು. ಅತ್ತೆ ಅಟ್ಟದ ಅಡಿಯಲ್ಲಿ ನಿಂತು ಬೆರಳಗಂಟಿನಿಂದ ಒಂದೊಂದೇ ಕಂಬ ಬಡಿಯುತ್ತಾರೆ. "ಇದು ಕೇಳು. ಗಟ್ಟಿ. ಇದು ಕೇಳು. ಪೊಳ್ಳು. ಇದನ್ನ ಕೇಳೋ, ಖಾಲಿ ಡಬ್ಬ!" ಅಪ್ಪ ಬಾಗಿಲಲ್ಲಿ ನಿಂತು, "ಮೆಲ್ಲಗಕ್ಕ, ಹೊಸಾ ಪೇಂಟು ಕಣಕ್ಕ, ಉಗುರು ತಾಗ್ತದೆ" ಅನ್ನುತ್ತಾರೆ. ಮೂವತ್ತೊಂದನೇ ಸೆಕೆಂಡಿಗೆ ಮೇಲಿಂದ ಸಣ್ಣ ದಾರದ ಹಾಗೆ ಧೂಳು ಇಳಿಯುತ್ತದೆ. ಅತ್ತೆಯ ಬಿಳಿಗೂದಲ ಮೇಲೆ ಬೀಳುತ್ತದೆ. ಹೆಂಚಿನ ಸಂದಿಯ ಬಿಸಿಲಿಗೆ ಅದು ಹೊಳೆಯುತ್ತದೆ.

ಆಗ ನಾನೇನು ಮಾಡಿದೆ ಗೊತ್ತೇ? ಎಂ.ಎ. ಓದಿದ ನಾನು? ಎಷ್ಟು ಚೆನ್ನಾಗಿ ಕಾಣುತ್ತಿದೆ ಅಂದುಕೊಂಡು ಜೂಮ್ ಮಾಡಿದೆ.

ನಾಲ್ಕು ಸೆಕೆಂಡ್. ಕೂಗಿದ್ದರೆ ಅತ್ತೆ ಎರಡು ಹೆಜ್ಜೆ ಈಚೆ ಬರಬಹುದಿತ್ತು. ಆಮೇಲೆ ಮರ ನರಳಿದ ಸದ್ದು. "ಅಕ್ಕಾ!" ಅಂತ ಅಪ್ಪನ ಕೂಗು. ಬಾಗಿಲಲ್ಲಿದ್ದ ಅಪ್ಪ ಓಡುತ್ತಾರೆ. ಈಚೆಗಲ್ಲ, ಒಳಕ್ಕೆ. ಅಲ್ಲಿಗೆ ನಾನು ಯಾವಾಗಲೂ ವಿಡಿಯೋ ನಿಲ್ಲಿಸಿಬಿಡುತ್ತಿದ್ದೆ. ಅದರ ಮುಂದಿನದನ್ನು ನೋಡುವ ಶಕ್ತಿ ಬಂದಿರಲಿಲ್ಲ. ಅಟ್ಟದ ಕಾಯೆಲ್ಲ ಒಟ್ಟಿಗೆ ಬಿದ್ದ ಸದ್ದು ಹೇಗಿರುತ್ತದೆ ಅಂತ ಹೇಳಲಾರೆ. ಗುಡುಗು ಆಕಾಶದಲ್ಲಿರುತ್ತದೆ, ಇದು ನನ್ನ ಕಾಲಿನೊಳಗಿಂದ ಬಂತು.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಕಾಯಿರಾಶಿಯ ಅಡಿಯಿಂದ ಬಂದ ಅತ್ತೆಯ ದನಿ ಮಾತ್ರ. "ಮೊದ್ಲು ಇವನ್ನ ಎಳಿಯೇ, ನನ್ನ ಕಾಲ್ಮೇಲೆ ಕೂತವ್ನೆ!" ಮುರಿದ ತೊಲೆಯೊಂದು ಕಲ್ಲಿನ ನೀರಿನ ತೊಟ್ಟಿಗೆ ಓರೆಯಾಗಿ ಆತುಕೊಂಡು, ಮಂಚದ ಅಡಿಯಷ್ಟು ಜಾಗ ಉಳಿದಿತ್ತು. ಅದರೊಳಗೆ ಅತ್ತೆ. ಅವರ ಮೇಲೆ ಬೋರಲಾಗಿ ಅಪ್ಪ. ಪಕ್ಕದ ತೋಟದವರು ಓಡಿ ಬಂದು ಇಬ್ಬರನ್ನೂ ಎಳೆದು ಹಾಕಿದಾಗ ಅಪ್ಪ ಹೇಳಿದ ಮೊದಲ ಮಾತು, "ಅಟ್ಟ ಖಾಲಿ ಆಯ್ತು ನೋಡಕ್ಕ. ನಾಳೇನೇ ಕಂಬ ಹಾಕ್ಸಬೋದು."

ಗುಬ್ಬಿಯ ಆಸ್ಪತ್ರೆಯಲ್ಲಿ ಅತ್ತೆಯ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಅಪ್ಪನ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ತರಚಿ, ಹೆಪ್ಪುಗಟ್ಟಿ, ನೀಲಿಯಾಗಿತ್ತು. ಎಳೆಯ ಡಾಕ್ಟರು ನೋಡಿ, "ಭಯ ಬೇಡ, ಎಲ್ಲ ಸೂಪರ್‌ಫಿಶಿಯಲ್ ಗಾಯ" ಅಂದರು. ನಾನು ಕಣ್ಣು ಮುಚ್ಚಿಕೊಂಡೆ. ಈಗ ಲ್ಯಾಟಿನ್ ಶುರುವಾಗುತ್ತದೆ!

ಶುರುವಾಗಲಿಲ್ಲ. ಅತ್ತೆ ತಮ್ಮನ ಬೆನ್ನನ್ನೇ ನೋಡುತ್ತ, "ಡಾಕ್ಟ್ರೇ, ಬೇರೆ ಯಾವ್ದಾದ್ರೂ ಪದ ಇದ್ರೆ ನೋಡಿ," ಅಂದರು. "ಇವನಿಗೆ ಅದು ಬೇಡ."

"ಬುಡಕ್ಕ, ಡಾಕ್ಟ್ರು ಒಳ್ಳೇದೇ ಹೇಳವ್ರೆ," ಅಂದರು ಅಪ್ಪ, ಬೋರಲು ಮಲಗಿಕೊಂಡೇ.

ಕೈ ಕೂಡುವ ತನಕ ಅತ್ತೆ ಕುಣಿಗಲ್‌ನ ನಮ್ಮ ಮನೆಯಲ್ಲಿರುವುದು ಅಂತಾಯಿತು. ನೋಡಲು ಬಂದವರಿಗೆಲ್ಲ ಅತ್ತೆ ಕಥೆ ಹೇಳುವರು. ಕೊನೆಗೆ ತಪ್ಪದೆ ನನ್ನ ಕಡೆ ಕೈ ತೋರಿಸಿ, "ಇವಳೇ ಕಾಯಿ ಎಲ್ಲ ಎತ್ತಿ ಎಸೆದು ದಾರಿ ಮಾಡಿದ್ದು. ಉಗುರು ಕಿತ್ತು ಬಂದಿವೆ ನೋಡಿ," ಅನ್ನುವರು. ಬಂದವರು ನನ್ನ ಬೆರಳು ನೋಡಿ ಲೊಚಗುಟ್ಟುವರು. ನಾನು ಒಳಗೆ ಹೋಗಿ ಕುಕ್ಕರ್ ಇಡುವೆ. ಆ ನಾಲ್ಕು ಸೆಕೆಂಡಿನ ಸುದ್ದಿ ಗೊತ್ತಾದ ದಿನ ಅತ್ತೆ ನನ್ನನ್ನು ಏನೆಂದು ಕರೆಯುತ್ತಾರೆ? ಎಲ್ಲರ ಮೇಲೂ ಹಾರಿದ ಪದ, ಇಷ್ಟು ವರ್ಷ ಕಾದು, ಈಗ ನನ್ನ ಕಡೆ ತಿರುಗಿದರೆ ಅದು ಸುಳ್ಳೂ ಅಲ್ಲವಲ್ಲ!

ಗಂಡನಿಗೆ ಹೇಳಿದೆ. ಮಾತ್ರೆಯ ಡಬ್ಬಗಳನ್ನು ಜೋಡಿಸುತ್ತಿದ್ದವನು ತಲೆಯೆತ್ತದೆ, "ಹೇಳ್ಬಿಡು. ಕೋಪ ಬಂದ್ರೆ ಬರ್ಲಿ. ಕೋಪದ ವಿಷಯ ನಂಗೊತ್ತು, ಬಂದ್ಮೇಲೆ ಹೋಗುತ್ತೆ," ಅಂದ.

ಒಂದು ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಪಕ್ಕ ಕೂತು ಫೋನ್ ಕೊಟ್ಟೆ. ಕನ್ನಡಕ ಹಾಕಿಕೊಂಡರು. ತಮ್ಮದೇ ದನಿ ಕೇಳಿ, "ಎಷ್ಟು ಜೋರಾಗಿ ಮಾತಾಡ್ತೀನಲ್ಲೇ!" ಅಂತ ಆಶ್ಚರ್ಯಪಟ್ಟರು. ಧೂಳು ಇಳಿಯಿತು. ಪರದೆಯ ತುಂಬ ಅವರ ತಲೆಗೂದಲು ದೊಡ್ಡದಾಯಿತು.

"ಇಲ್ಲಿ, ಅತ್ತೆ," ಅಂದೆ. "ಧೂಳು ಕಾಣಿಸ್ತು ನಂಗೆ. ಕೂಗಬಹುದಿತ್ತು. ನಾನು ಜೂಮ್ ಮಾಡ್ದೆ."

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಪ್ಪ ಒಳಕ್ಕೆ ಓಡುವುದನ್ನು ನೋಡಿ, "ದಡ್ಡ ನನ್ಮಗ," ಅಂದರು, ಮೆತ್ತಗೆ. ಅಭ್ಯಾಸಬಲದಿಂದ ನಾನು ನಿಲ್ಲಿಸಲು ಕೈ ಚಾಚಿದೆ. ಅತ್ತೆ ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡರು.

"ಇರು. ಇನ್ನೂ ಇದೆಯಲ್ಲ."

ಫೋನು ನನ್ನ ಕೈಯಿಂದ ಬಿದ್ದು ಕಾಯಿಗಳ ನಡುವೆ ಸೇರಿಕೊಂಡಿರಬೇಕು. ಪರದೆ ಪೂರ್ತಿ ಕಪ್ಪು. ಆದರೆ ಸದ್ದು ಇತ್ತು. ಕಾಯಿ ಎತ್ತಿ ಎಸೆಯುವ ಸದ್ದು, ಒಂದಾದ ಮೇಲೆ ಒಂದು, ಬಿಡುವಿಲ್ಲದೆ. ನಡುವೆ ಯಾರೋ ಕೂಗುತ್ತಿದ್ದರು. ಅದು ನನ್ನ ದನಿ ಅಂತ ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

"ಅತ್ತೆ, ಮಾತಾಡು. ಅತ್ತೆ, ಬೈಯಿ. ನನ್ನೇ ಬೈಯಿ. ಏನಾದ್ರೂ ಬೈಯಿ ಅತ್ತೆ, ಬೈಯಿ, ಬೈಯಿ..."

ವಿಡಿಯೋ ಮುಗಿಯಿತು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒಂದು ಕೈಯಲ್ಲಿ ಸರಿಯಾಗಿ ಒರೆಸಲಾಗಲಿಲ್ಲ. ನಾನೇ ತೆಗೆದುಕೊಂಡು ಒರೆಸಿ ಕೊಟ್ಟೆ.

"ಇದನ್ನ ನನ್ನ ಫೋನಿಗೆ ಕಳಿಸು," ಅಂದರು.

"ವಿಡಿಯೋನಾ?"

"ಚಿತ್ರ ಬೇಡ. ಕಪ್ಪಾದ್ಮೇಲಿನ ಸದ್ದು ಇದೆಯಲ್ಲ, ಅಷ್ಟು ಸಾಕು."

ಕತ್ತರಿಸಿ ಕಳಿಸಿದೆ. ಮಾರನೇ ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದಾಗ ಅತ್ತೆ ನನಗೆ ಬೆನ್ನು ಮಾಡಿ, ಕಿಟಕಿಯ ಕಡೆ ತಿರುಗಿ ಕೂತಿದ್ದರು. ಎಡಗೈಯಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು.

"ಇಷ್ಟು ಬೆಳಿಗ್ಗೆ ಯಾರತ್ತೆ ಫೋನಲ್ಲಿ?" ಅಂದೆ.

"ಸುಮ್ನಿರೇ, ಕೇಳಿಸ್ಕೋತಿದೀನಿ," ಅಂದರು.

ಲೋಟ ಇಡಲು ಹತ್ತಿರ ಬಗ್ಗಿದೆ. ಫೋನಿನೊಳಗಿಂದ ನಾನು ಅವರನ್ನು ಕೂಗುತ್ತಿದ್ದೆ.